ಅಪ್ಪನಿಗೊಂದು ಬಾಗಿಲು, ಮಗನಿಗೊಂದು ಬಾಗಿಲು

ಪ್ರಿಯ ಓದುಗರೇ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಮಗಳ ಮನೆಗೆಂದು ಲಂಡನ್‌ಗೆ ಹೊರಟಿದ್ದೀರಿ. ಅಲ್ಲಿ ಒಂದು ಹಳೆಯ ರಂಗಮಂದಿರ ನೋಡಬೇಕೆಂಬ ಆಸೆ ಇದೆ. ಆದರೆ ಮನೆಯವರಿಗೆ ಮಂಡಿನೋವು. ಇಂಗ್ಲಿಷ್ ನಾಟಕವನ್ನು ಗಂಟೆಗಟ್ಟಲೆ ಕೂತು ನೋಡುವುದು ಇಬ್ಬರಿಗೂ ಕಷ್ಟ. "ನಾಟಕ ನೋಡದೆ ಬರೀ ಕಟ್ಟಡ ನೋಡಲು ಬಿಡುತ್ತಾರಾ? ಯಾವುದಕ್ಕೆ ಹೋಗುವುದು?" ಎಂದು ಕೇಳಿದ್ದೀರಿ.

ಬಿಡುತ್ತಾರೆ. ನನ್ನನ್ನು ಕೇಳಿದರೆ ಡ್ರೂರಿ ಲೇನ್‌ಗೆ ಹೋಗಿ. ಪೂರ್ತಿ ಹೆಸರು ಥಿಯೇಟರ್ ರಾಯಲ್, ಡ್ರೂರಿ ಲೇನ್. ಡ್ರೂರಿ ಲೇನ್ ಎಂಬ ರಸ್ತೆಯಲ್ಲಿ ಮುಂಬಾಗಿಲು ಹುಡುಕಬೇಡಿ, ಅಲ್ಲಿರುವುದು ಕಟ್ಟಡದ ಬೆನ್ನು. ಬಾಗಿಲು ಇರುವುದು ಕ್ಯಾಥರೀನ್ ಸ್ಟ್ರೀಟಿನಲ್ಲಿ.

ಆ ಜಾಗದಲ್ಲಿ 1663ರಿಂದ ನಾಟಕ ನಡೆಯುತ್ತಿದೆ. ಅದಕ್ಕೂ ಮುಂಚೆ 18 ವರ್ಷ ಇಂಗ್ಲೆಂಡಿನಲ್ಲಿ ನಾಟಕಕ್ಕೇ ನಿಷೇಧ ಇತ್ತು. ಎರಡನೇ ಚಾರ್ಲ್ಸ್ ರಾಜನಾಗಿ ಬಂದ ಮೇಲೆ ಮತ್ತೆ ಪರದೆ ಎದ್ದಿತು. ಹೆಂಗಸಿನ ಪಾತ್ರವನ್ನು ಹೆಂಗಸರೇ ಮಾಡಲು ಶುರುವಾದದ್ದೂ ಆಗಲೇ. ನೆಲ್ ಗ್ವಿನ್ ಎಂಬ ಹುಡುಗಿ ಇಲ್ಲಿ ಪ್ರೇಕ್ಷಕರಿಗೆ ಕಿತ್ತಳೆಹಣ್ಣು ಮಾರುತ್ತಿದ್ದಳು. ಮುಂದೆ ಇದೇ ರಂಗದ ಮೇಲೆ ಹೆಸರಾಂತ ನಟಿಯಾದಳು.

ನೀವು ನೋಡುವುದು ನಾಲ್ಕನೇ ಕಟ್ಟಡ. ಮೊದಲನೆಯದು 1672ರಲ್ಲಿ ಸುಟ್ಟುಹೋಯಿತು. ಎರಡನೆಯದು ನೂರಕ್ಕೂ ಜಾಸ್ತಿ ವರ್ಷ ಬಾಳಿತು, ಆಮೇಲೆ ಕೆಡವಿದರು. ಮೂರನೆಯದರ ಕಥೆ ನನ್ನನ್ನು ಇವತ್ತಿಗೂ ಕಾಡುತ್ತದೆ. 1794ರಲ್ಲಿ ತೆರೆದ ಆ ಕಟ್ಟಡದಲ್ಲಿ 3600ಕ್ಕೂ ಹೆಚ್ಚು ಜನ ಕೂರಬಹುದಿತ್ತು. ಬೆಂಕಿಯ ಭಯಕ್ಕೆ ರಂಗದ ಮುಂದೆ ಕಬ್ಬಿಣದ ಪರದೆ, ಮಾಡಿನ ಮೇಲೆ ನೀರಿನ ತೊಟ್ಟಿ. ಇಷ್ಟೆಲ್ಲ ಮಾಡಿಕೊಂಡಿದ್ದರೂ 1809ರ ಫೆಬ್ರವರಿ 24ರ ರಾತ್ರಿ ಉರಿದು ಬೂದಿಯಾಯಿತು. ಮಾಲೀಕ ಶೆರಿಡನ್ ಹತ್ತಿರದ ಕಾಫಿ ಅಂಗಡಿಯಲ್ಲಿ ವೈನ್ ಹಿಡಿದು ಕೂತಿದ್ದನಂತೆ. ಯಾರೋ ಕೇಳಿದ್ದಕ್ಕೆ, ಮನುಷ್ಯ ತನ್ನ ಮನೆಯ ಒಲೆ ಮುಂದೆ ಕೂತು ಒಂದು ಲೋಟ ಕುಡಿಯಬಾರದಾ ಅಂದನಂತೆ. ಇಡೀ ಬದುಕು ಕಣ್ಣೆದುರೇ ಉರಿಯುವಾಗ ಆಡಿದ ಮಾತು ಅದು. ಓದಿದಾಗೆಲ್ಲ ಹೊಟ್ಟೆ ಚುರುಕ್ಕೆನ್ನುತ್ತದೆ.

ಈಗಿನದು 1812ರ ಕಟ್ಟಡ, ಬೆಂಜಮಿನ್ ಡೀನ್ ವ್ಯಾಟ್ ಎಂಬ ವಾಸ್ತುಶಿಲ್ಪಿಯದು. ಒಳಗೆ ಹೋದ ಕೂಡಲೇ ಗುಮ್ಮಟದ ಕೆಳಗೊಂದು ದುಂಡನೆಯ ಹಜಾರ ಸಿಗುತ್ತದೆ. ಅಲ್ಲಿ ಸ್ವಲ್ಪ ನಿಲ್ಲಿ. ಒಂದು ಬಾಗಿಲ ಮೇಲೆ 'ರಾಜನ ಕಡೆ' ಎಂದಿದೆ, ಎದುರಿನದರ ಮೇಲೆ 'ರಾಜಕುಮಾರನ ಕಡೆ'. ಆಗಿನ ರಾಜ ಮೂರನೇ ಜಾರ್ಜ್‌ಗೂ ಅವನ ಮಗನಿಗೂ ಆಗುತ್ತಿರಲಿಲ್ಲ. ರಂಗಮಂದಿರದಲ್ಲೇ ಒಮ್ಮೆ ಅಪ್ಪ ಮಗನಿಗೆ ಎಲ್ಲರೆದುರು ಕೈ ಮಾಡಿದ ಮೇಲೆ ಇಬ್ಬರಿಗೂ ಬೇರೆ ಬೇರೆ ದಾರಿ ಮಾಡಿದರು ಎಂದು ಕಥೆ ಹೇಳುತ್ತಾರೆ. ಎರಡು ಫಲಕಗಳ ನಡುವೆ ನಿಂತು ನಾನು ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿದೆ. ಒಂದು ಮನೆಯ ಜಗಳ ಇನ್ನೂರು ವರ್ಷವಾದರೂ ಗೋಡೆಯ ಮೇಲೆ ಉಳಿದಿದೆಯಲ್ಲ! ಮನೆಯವರಿಗೆ ಇದನ್ನು ತೋರಿಸಲೇಬೇಕು.

ಇನ್ನು ಸೌಕರ್ಯದ ವಿಷಯ. 2019ರಲ್ಲಿ ಮುಚ್ಚಿ, ಸುಮಾರು 6 ಕೋಟಿ ಪೌಂಡ್ ಖರ್ಚು ಮಾಡಿ, 2021ರಲ್ಲಿ ಮತ್ತೆ ತೆರೆದರು. ವ್ಯಾಟ್ ಕಟ್ಟಿದ್ದ ಹಜಾರ, ಮೆಟ್ಟಿಲುಗಳನ್ನು ಹಳೆಯ ರೂಪಕ್ಕೆ ತಂದರು. ಹೆಂಗಸರ ಶೌಚಾಲಯ ಹೆಚ್ಚಿಸಿದರು. ಸಣ್ಣ ವಿಷಯ ಅನ್ನಿಸಬಹುದು, ಆದರೆ ಹಳೆಯ ರಂಗಮಂದಿರಗಳಲ್ಲಿ ಮಧ್ಯಂತರ ಪೂರ್ತಿ ಕ್ಯೂನಲ್ಲೇ ಕಳೆದವರಿಗೆ ಗೊತ್ತು ಅದರ ಬೆಲೆ. ನಿಮಗೆ ಮುಖ್ಯವಾದ ಬದಲಾವಣೆ ಇನ್ನೊಂದಿದೆ. ಮೊದಲು ಹೆಚ್ಚಾಗಿ ನಾಟಕದ ಹೊತ್ತಿಗಷ್ಟೇ ಬಾಗಿಲು ತೆಗೆಯುತ್ತಿದ್ದರು. ಈಗ ಹಗಲಲ್ಲೂ ಸುಮ್ನೆ ಒಳಗೆ ಹೋಗಿ ಚಹಾ ಕುಡಿದು ಬರಬಹುದು. ಗೈಡ್ ಜೊತೆ ಕಟ್ಟಡ ಸುತ್ತುವ ಟೂರ್ ಇದೆ, ಅದಕ್ಕೆ ಟಿಕೆಟ್ ಬೇರೆ. ಟೂರ್‌ನಲ್ಲಿ ನಡೆಯುವುದು, ಹತ್ತುವುದು ಇದ್ದೇ ಇರುತ್ತದೆ. ಮೆಟ್ಟಿಲಿಲ್ಲದ ದಾರಿ ಬೇಕು ಎಂದು ಬುಕ್ ಮಾಡುವಾಗಲೇ ಮಗಳಿಂದ ಹೇಳಿಸಿ. ಅಲ್ಲಿಗೆ ಹೋದ ಮೇಲೆ ಕೇಳಿಕೊಂಡರಾಯಿತು ಅಂತ ಬಿಡಬೇಡಿ.

ಮನಸ್ಸು ಬದಲಾಗಿ ನಾಟಕಕ್ಕೇ ಹೋದರೆ ಮಧ್ಯಾಹ್ನದ ಪ್ರದರ್ಶನ ಆರಿಸಿ. ಟಿಕೆಟ್ ಅಗ್ಗ ಎಂದು ಬಾಲ್ಕನಿ ತೆಗೆದುಕೊಳ್ಳಬೇಡಿ. ಅದು ತುತ್ತತುದಿಯಲ್ಲಿದೆ, ಬಹಳ ಕಡಿದು, ಮಂಡಿ ಖಂಡಿತ ಕೈಕೊಡುತ್ತದೆ. ಅಲ್ಲಿ 'ಸ್ಟಾಲ್ಸ್' ಎಂದರೆ ಕೆಳಗಿನ ಅಂತಸ್ತು, ಅಲ್ಲೇ ಕೇಳಿ. ಕೆಲವು ದಿನ ಮಾತುಗಳನ್ನು ಬರಹದಲ್ಲಿ ತೋರಿಸುವ ಪ್ರದರ್ಶನಗಳಿರುತ್ತವೆ. ಕಿವಿಗೆ ಸಿಗದ ಇಂಗ್ಲಿಷ್ ಕಣ್ಣಿಗೆ ಸಿಗುತ್ತದೆ, ಅಲ್ವಾ?

ಹೋಗುವ ದಾರಿ ಮಾತ್ರ ನೋಡಿಕೊಳ್ಳಿ. ಹತ್ತಿರದ ಮೆಟ್ರೋ ನಿಲ್ದಾಣ ಕೋವೆಂಟ್ ಗಾರ್ಡನ್. ಲಿಫ್ಟ್ ಇದೆ, ಆದರೆ ಅದರ ಮುಂದೆ ಜನ ತುಂಬಿರುತ್ತಾರೆ. ರಷ್ ನೋಡಿ ಬೇಸತ್ತು ಪಕ್ಕದ ಸುರುಳಿ ಮೆಟ್ಟಿಲು ಹತ್ತಿದಿರೋ ಕೆಟ್ಟಿರಿ: 193 ಮೆಟ್ಟಿಲು, 15 ಮಹಡಿ ಹತ್ತಿದ ಹಾಗೆ. ಮನೆಯವರನ್ನು ಬಸ್ಸಿನಲ್ಲೇ ಕರೆದುಕೊಂಡು ಹೋಗಿ. ಲಂಡನ್ ಬಸ್ಸುಗಳ ನೆಲ ತಗ್ಗಾಗಿರುತ್ತದೆ, ಹತ್ತಿ ಇಳಿಯುವುದು ಸುಲಭ. ಆಲ್ಡ್‌ವಿಚ್‌ನಲ್ಲಿ ಇಳಿದರೆ ಅಲ್ಲಿಂದ ನಿಧಾನಕ್ಕೆ ನಡೆದರೂ ಕೆಲವೇ ನಿಮಿಷ.

– ಸಂಪಾದಕ