ಬೋರ್ಡೋ ಬ್ಯಾರೆಲ್ ಹಳ್ಳದಲ್ಲಿ ತೊಳೆಯಬೇಡಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು 3 ಎಕರೆ ಅಡಿಕೆ ತೋಟ. ಕೊಳೆರೋಗಕ್ಕೆ ಮಳೆಗಾಲದಲ್ಲಿ ಮೂರು ಸಲ ಬೋರ್ಡೋ ಹೊಡೆಸುತ್ತೇವೆ. ಒಂದು ಸಲಕ್ಕೆ 200 ಲೀಟರಿನ 6 ಬ್ಯಾರೆಲ್ ಬೇಕು. ಈ ವರ್ಷ ಮೊದಲ ಸಲ ಹೊಡೆದ ದಿನ ಸಂಜೆ ತೋಟದ ಕೆಳಗಿನ ಹಳ್ಳದಲ್ಲಿ ಮೀನು ಸತ್ತು ತೇಲಿದವು. ಸಾವಯವದವರೂ ಬಳಸುವ ಔಷಧಿ ಇದು, ಅಲ್ವಾ? ನಮ್ಮ ದನಗಳು ಕುಡಿಯುವುದೂ ಅದೇ ನೀರು. ಔಷಧಿ ಬಿಟ್ಟರೆ ಫಸಲು ಹೋಗುತ್ತದೆ. ಏನು ಮಾಡಲಿ?

ಉತ್ತರ: ಸಾವಯವದವರು ಬಳಸುತ್ತಾರೆ, ನಿಜ. ಆದರೆ ಬೋರ್ಡೋ ಎಂದರೆ ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಕೂಡಿಸಿದ ದ್ರಾವಣ. ಅದರಲ್ಲಿ ಕೆಲಸ ಮಾಡುವುದು ತಾಮ್ರ, ಮತ್ತು ಮೀನಿಗೆ ತಾಮ್ರ ವಿಷ. ಅದು ಕಿವಿರನ್ನೇ ಹಾಳು ಮಾಡುತ್ತದೆ. ನಮ್ಮ ಮಲೆನಾಡಿನ ಹಳ್ಳದ ನೀರು ಮೆದು, ಸುಣ್ಣದ ಅಂಶ ಕಡಿಮೆ. ಇಂಥ ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ಮೇಲಾಗಿ ನೀವು ಮೊದಲ ಔಷಧಿ ಹೊಡೆಯುವ ಹೊತ್ತಿಗೇ ಹತ್ತುಮೀನು (ಮಳೆ ಶುರುವಾದಾಗ ಹೊಳೆಯಿಂದ ಮೇಲೇರಿ ಬರುವ ಮೀನುಗಳು) ಮೊಟ್ಟೆ ಇಡಲು ಹಳ್ಳ ಹತ್ತುತ್ತಿರುತ್ತವೆ. ಮರಿಗಳಂತೂ ದೊಡ್ಡ ಮೀನಿಗಿಂತ ಬೇಗ ಸಾಯುತ್ತವೆ.

ಬ್ಯಾರೆಲ್ ಎಲ್ಲಿ ತೊಳೆದಿರಿ ಎಂದು ನೀವು ಬರೆದಿಲ್ಲ. ನಾನು ಬಹಳ ತೋಟಗಳಲ್ಲಿ ನೋಡಿದ್ದು ಹೀಗೆ: ನೀರು ಹತ್ತಿರ ಸಿಗುತ್ತದೆ ಅಂತ ಹಳ್ಳದ ದಡದಲ್ಲೇ ಔಷಧಿ ಕಲೆಸುತ್ತಾರೆ. ಸಂಜೆ ಬ್ಯಾರೆಲ್, ಪೈಪು, ಗನ್ನು ಎಲ್ಲ ಅಲ್ಲೇ ತೊಳೆಯುತ್ತಾರೆ. ತಳದ ನೀಲಿ ಗಸಿ ಒಮ್ಮೆಲೇ ನೀರಿಗೆ ಬೀಳುತ್ತದೆ. ಮರದಿಂದ ತೊಟ್ಟಿಕ್ಕಿದ್ದು ಮಣ್ಣಿನಲ್ಲಿ ಬಹಳಷ್ಟು ಹಿಡಿದುಕೊಳ್ಳುತ್ತದೆ. ಈ ಗಸಿಗೆ ಅಂಥ ತಡೆ ಯಾವುದೂ ಇಲ್ಲ. ಒಂದೇ ಸಂಜೆಯಲ್ಲಿ ಮೀನು ಸತ್ತಿವೆ ಎಂದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಹಾಗಾಗಿ ಕಲೆಸುವ ಜಾಗವನ್ನು ಹಳ್ಳದಿಂದ, ಬಾವಿಯಿಂದ, ಬಸಿಗಾಲುವೆಯಿಂದ ದೂರಕ್ಕೆ ಒಯ್ಯಿರಿ. ನೀರು ಹೊರಬೇಕಾಗುತ್ತದೆ, ಹೊರಿ. ಖಾಲಿಯಾದ ಬ್ಯಾರೆಲ್ಲಿಗೆ ಒಂದು ಕೊಡ ನೀರು ಹಾಕಿ ಚೆನ್ನಾಗಿ ಕುಲುಕಿ, ಆ ನೀರನ್ನೂ ಕೊನೆಯ ಸಾಲಿನ ಮರಗಳಿಗೇ ಹೊಡೆಯಿರಿ. ಹೀಗೆ ಮೂರು ಸಲ ಮಾಡಿದರೆ ಹಳ್ಳಕ್ಕೆ ಹೋಗಲು ಏನೂ ಉಳಿಯುವುದಿಲ್ಲ. ತೊಳೆಯದ ಬ್ಯಾರೆಲ್ ಅಂಗಳದಲ್ಲಿ ಬಿಡಬೇಡಿ, ಕರು ಬಂದು ನೆಕ್ಕುತ್ತದೆ.

ಇನ್ನು ಕಲೆಸುವ ರೀತಿ. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಇದು ನಿಮಗೆ ಗೊತ್ತೇ ಇದೆ. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನ ಸುರಿಯುತ್ತಾ ಕದಡಬೇಕು. ಸುಣ್ಣ ಹಳೆಯದಾಗಿ ಪುಡಿಯಾಗಿದ್ದರೆ 1 ಕೆಜಿ ಸಾಲದು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ. ಆ ಬಿಡಿ ತಾಮ್ರವೇ ಅಡಿಕೆ ಗೊನೆಯನ್ನು ಸುಡುವುದು, ಮೀನನ್ನು ಕೊಲ್ಲುವುದು. ಚಾಕು ಬಿಳಿಯಾಗೇ ಬರುವ ತನಕ ಸುಣ್ಣ ಸೇರಿಸಿ. ಸರಿಯಾಗಿ ಕೂಡಿದ ಬೋರ್ಡೋ ಕಾಯಿಗೆ ಗಟ್ಟಿ ಅಂಟುತ್ತದೆ, ಮಳೆಗೆ ಬೇಗ ತೊಳೆದು ಹೋಗುವುದಿಲ್ಲ. ಮಾಡಿದ್ದನ್ನು ಅದೇ ದಿನ ಮುಗಿಸಿ.

ಮೂರು ಸಲ ಬೇಕೇ ಬೇಕಾ ಎಂದೂ ಯೋಚಿಸಿ. ನಿಮ್ಮದೇ ಲೆಕ್ಕ ಹಿಡಿದರೆ ಒಂದು ಸಲಕ್ಕೆ 12 ಕೆಜಿ ಮೈಲುತುತ್ತ. ಅದರಲ್ಲಿ ಕಾಲು ಭಾಗ ತಾಮ್ರ. ಮೂರು ಸಲಕ್ಕೆ ಎಕರೆಗೆ 3 ಕೆಜಿ ತಾಮ್ರ ಆಯಿತು. ಐರೋಪ್ಯ ಒಕ್ಕೂಟದ ಮಿತಿ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ, ಅಂದರೆ ವರ್ಷಕ್ಕೆ ಎಕರೆಗೆ ಸುಮಾರು 1.6 ಕೆಜಿ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ನಿಮ್ಮ ಅಪ್ಪನ ಕಾಲದಲ್ಲಿ ಹೊಡೆದದ್ದೂ ಬಹುಪಾಲು ಮೇಲ್ಮಣ್ಣಿನಲ್ಲೇ ಇದೆ. ಹೆಚ್ಚಾದರೆ ಎರೆಹುಳು ಆ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಮಳೆ ಹಿಡಿಯುವ ಮುಂಚೆ ಒಂದು, 40-45 ದಿನಕ್ಕೆ ಇನ್ನೊಂದು, ಎರಡನ್ನೂ ಚೆನ್ನಾಗಿ ಹೊಡೆಯಿರಿ. ಮಳೆ ಬಿಡದೆ ಎಳೆದರೆ ಮಾತ್ರ ಮೂರನೆಯದು. ಬಸಿಗಾಲುವೆ ಬಿಡಿಸಿ, ಉದುರಿದ ಕೊಳೆ ಅಡಿಕೆಯನ್ನು ಆಗಾಗ ಹೆಕ್ಕಿ ತೋಟದಿಂದ ಹೊರಗೆ ಹಾಕಿ ಸುಡಿ. ಸುಮ್ನೆ ಬಿಟ್ಟರೆ ರೋಗ ಅಲ್ಲಿಂದಲೇ ಮತ್ತೆ ಗೊನೆಗೆ ಹತ್ತುತ್ತದೆ.

ಸತ್ತ ಮೀನನ್ನು ಯಾರೂ ತಿನ್ನಬೇಡಿ. ಔಷಧಿ ಹೊಡೆಯುವ ದಿನ, ಮರುದಿನ ದನಗಳಿಗೆ ಬಾವಿ ನೀರು ಕೊಡಿ. ಹಳ್ಳದ ಮೇಲ್ಗಡೆ ತೋಟದವರನ್ನೂ ಒಮ್ಮೆ ಕಂಡು ಮಾತಾಡಿ. ಅವರು ಬ್ಯಾರೆಲ್ ತೊಳೆದ ನೀರು ಬರುವುದು ನಿಮ್ಮ ಕೊಟ್ಟಿಗೆ ಮುಂದಕ್ಕೇ.