ಗಡಸು ನೀರು, ಗಂಟುಗಟ್ಟುವ ಆಲ್ಜಿನೇಟ್

ಪ್ರಶ್ನೆ: ಪ್ರಾಜೆಕ್ಟಿಗೆ ಸೋಡಿಯಂ ಆಲ್ಜಿನೇಟಿನ ಮಣಿ ಮಾಡಾಕ ಹೊಂಟೇವ್ರಿ. ಬೋರ್ ನೀರಿಗೆ ಹಾಕಿದ ಕೂಡಲೇ ಪುಡಿ ಗಂಟಾಗತೈತಿ. ಯಾಕ್ರಿ?
– ವಿದ್ಯಾರ್ಥಿನಿ, ಗದಗ

ಉತ್ತರ: ಮೊದಲ ಅನುಮಾನ ಬೋರ್ ನೀರಿನ ಮೇಲೇ. ಆಲ್ಜಿನೇಟ್ ಕಂದು ಕಡಲಕಳೆಯ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಘಟಕಗಳು ಸೇರಿದ ಉದ್ದ ಸರಪಳಿ. ಗಡಸು ನೀರಿನ ಕ್ಯಾಲ್ಸಿಯಂ ಅದರ ಸರಪಳಿಗಳನ್ನು ಬೆಸೆದು, ಮಣಿಯಾಗುವ ಮೊದಲೇ ಜೆಲ್ ಮಾಡಿಬಿಡುತ್ತದೆ. ನೀರು ಕುದಿಸಿದರೂ ಕ್ಯಾಲ್ಸಿಯಂ ಪೂರ್ತಿ ಹೋಗದು. ಡಿಸ್ಟಿಲ್ಡ್ ವಾಟರ್ ತನ್ನಿ. 100 ಮಿಲಿಗೆ 2 ಗ್ರಾಂ ಪುಡಿಯನ್ನು ಕಲಕುತ್ತಲೇ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಮ್ಮೆಲೇ ಸುರಿದರೆ ಝುಣಕದ ಗಂಟಿನ ಹಾಗೆ ಹೊರಗೆ ಅಂಟು, ಒಳಗೆ ಒಣಹಿಟ್ಟು! ರಾತ್ರಿಯಿಡೀ ಬಿಟ್ಟರೆ ಗುಳ್ಳೆ ಹೋಗುತ್ತವೆ. ಬಳಿಕ ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಸಿರಿಂಜಿನಿಂದ ಹನಿಸಿ. ಮಣಿಗೆ ಬಾಲ ಬಂದರೆ ಆಲ್ಜಿನೇಟ್ ಮಂದವಾಗಿದೆ, ತುಸು ತೆಳು ಮಾಡಿ. ದ್ರವ ಸೋರುವ ಗಾಯಕ್ಕೆ ಕಟ್ಟುವ ಆಲ್ಜಿನೇಟ್ ಪಟ್ಟಿಯೂ ಇದೇ ಕ್ಯಾಲ್ಸಿಯಂ ಬೆಸುಗೆಯದು.