ಗಾಳ ಹಾಕೋಕೆ ಕಾರವಾರಕ್ಕೆ? ಮೊದಲು ಪಂಚಾಂಗ ತೆಗೆಯಿರಿ

ಪ್ರಶ್ನೆ: ನಾವು ಶಿರಸಿ ಕಡೆಯ ಮೂವರು ಗೆಳೆಯರು. ಹಳ್ಳ-ಹೊಳೆಯಲ್ಲಿ ಗಾಳ ಹಾಕಿ ಅಭ್ಯಾಸ ಇದೆ, ಸಮುದ್ರದಲ್ಲಿ ಇಲ್ಲ. ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯ ಎರಡನೇ ಶನಿವಾರ-ಭಾನುವಾರ ಕಾರವಾರಕ್ಕೆ ಬರುವ ಅಂದಾಜಿದೆ. ಒಂದು ದಿನ ದಡದಿಂದ, ಒಂದು ದಿನ ಸಣ್ಣ ದೋಣಿಯಲ್ಲಿ. ಆನ್‌ಲೈನ್‌ನಲ್ಲಿ ರಾಡು-ರೀಲು ತರಿಸಿಕೊಂಡಿದ್ದೇವೆ. ಎಲ್ಲಿ ನಿಲ್ಲಬೇಕು, ಎಲ್ಲಿ ಹೋಗಬಾರದು, ಏನೇನು ತರಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ಎಲ್ಲ ಸರಿ, ಆ ‘ಎರಡನೇ ಶನಿವಾರ’ ಒಂದು ಬಿಟ್ಟು. ಹಳ್ಳಕ್ಕೆ ರಜೆ ನೋಡಿಕೊಂಡು ಹೋಗಬಹುದು. ಅಳಿವೆಗೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗಕ್ಕೆ, ಹೋಗುವುದಾದರೆ ತಿಥಿ ನೋಡಬೇಕು. ಮನೆಯಲ್ಲಿ ಪಂಚಾಂಗ ಇದ್ದೇ ಇರುತ್ತದೆ, ತೆಗೆದು ಫೆಬ್ರವರಿಯಲ್ಲಿ ಅಮಾಸೆ, ಹುಣ್ಣಿಮೆ ಯಾವತ್ತು ಅಂತ ಮೊದಲು ನೋಡಿ, ಆಮೇಲೆ ರಜೆ ಹೊಂದಿಸಿಕೊಳ್ಳಿ.

ಯಾಕೆ ಅಂದರೆ, ಕಾರವಾರದಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಅಮಾಸೆ-ಹುಣ್ಣಿಮೆಯ ಆಚೀಚೆ ನೀರು ಎರಡು ಮೀಟರ್ ಹತ್ತಿರ ಏರಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಏರಿದ್ದೂ ಗೊತ್ತಾಗುವುದಿಲ್ಲ, ಇಳಿದದ್ದೂ ಗೊತ್ತಾಗುವುದಿಲ್ಲ. ನೀರು ಓಡಿದರೆ ಮೀನು ಓಡುತ್ತದೆ, ನೀರು ನಿಂತರೆ ನೀವೂ ಸುಮ್ನೆ ನಿಂತಿರಬೇಕು, ಅಷ್ಟೇ. ಭರತದ ಜೊತೆ ಸಿಗಡಿ, ಸಣ್ಣ ಮೀನು ಅಳಿವೆಯ ಒಳಗೆ ನುಗ್ಗುತ್ತವೆ, ಅವುಗಳ ಬೆನ್ನು ಹತ್ತಿ ಚೊಣಕ, ತಾಂಬೊಸದಂಥ ದೊಡ್ಡವು ಬರುತ್ತವೆ.

ಇನ್ನು ಹೊತ್ತಿನ ಲೆಕ್ಕ. ಅಮಾಸೆ-ಹುಣ್ಣಿಮೆಯಂದು ಇಲ್ಲಿ ಪೂರ್ತಿ ಭರತ ಆಗುವುದು ಸುಮಾರು 11 ಗಂಟೆಗೆ, ಹಗಲೂ ಹಾಗೇ ರಾತ್ರಿಯೂ ಹಾಗೇ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಎರಡು ಘಳಿಗೆ ಅಂತ ನೆನಪಿಟ್ಟುಕೊಳ್ಳಿ, ಲೆಕ್ಕ ಸುಲಭ. ಅಂದರೆ ಅಮಾಸೆ ದಿನ ಬೆಳಿಗ್ಗೆ 5ರ ಹೊತ್ತಿಗೆ ನೀರು ತಳ ಕಂಡಿರುತ್ತದೆ, ನೀವು ಚಹಾ ಕುಡಿದು 6ಕ್ಕೆ ದಡಕ್ಕೆ ಬಂದರೆ ಏರಲು ಶುರು ಮಾಡಿರುತ್ತದೆ, 10ರವರೆಗೂ ಒಳ್ಳೇ ಹೊತ್ತು. ಅದೇ ಅಷ್ಟಮಿಗೆ ಬಂದರೆ ಬೆಳಗಿನ ತಂಪು ಹೊತ್ತೆಲ್ಲಾ ಇಳಿಯುವ ನೀರಲ್ಲೇ ಕಳೆಯುತ್ತದೆ. ನಿಮಿಷದ ಲೆಕ್ಕ ಬೇಕಾದರೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಜಾಲತಾಣ ನೋಡಿ, ಅಲೆ-ಗಾಳಿಯ ಮುನ್ಸೂಚನೆಯೂ ಅಲ್ಲೇ ಸಿಗುತ್ತದೆ.

ಮೊದಲ ದಿನ ಕಾಳಿ ಅಳಿವೆ. ಕೋಡಿಬಾಗದ ಕಡೆ ಅಥವಾ ಹೊಳೆ ದಾಟಿ ದೇವಬಾಗದ ಕಡೆ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದ ಜಾಗದಿಂದ ದೂರ ಇರಿ. ಇಳಿತದಲ್ಲಿ ಮರಳ ದಿಬ್ಬ ಮೇಲೆ ಕಾಣುತ್ತದೆ, ನಡೆದುಕೊಂಡು ಅದರ ತುದಿಗೆ ಹೋಗಿ ಎಸೆಯೋಣ ಅನಿಸುತ್ತದೆ. ನನಗೂ ಅನಿಸಿತ್ತು, ಹೋಗಿದ್ದೆ. ಮುಂದೆ ನೀರು ಏರುವುದು ಕಣ್ಣಿಗೆ ಕಾಣುತ್ತದೆ, ಬೆನ್ನ ಹಿಂದಿನ ತಗ್ಗು ಅದಕ್ಕಿಂತ ಮೊದಲೇ ತುಂಬುತ್ತದೆ, ಅದು ಕಾಣುವುದಿಲ್ಲ. ತಿರುಗಿ ನೋಡುವಾಗ ಮೊಣಕಾಲುದ್ದ ಇತ್ತು, ದಾಟುವಾಗ ಎದೆಮಟ್ಟ ಆಗಿತ್ತು, ರಾಡು ಒಂದು ಕೈಲಿ, ಚಪ್ಪಲಿ ಹೊಳೆ ಪಾಲು. ದಿಬ್ಬಕ್ಕೆ ಹೋಗಲೇಬೇಡಿ.

ಎರೆಗೆ ಪ್ಲಾಸ್ಟಿಕ್ ಮೀನು ಗೀನು ಏನೂ ಬೇಡ. ಬೀಸು ಬಲೆ ಹಾಕುವವರ ಹತ್ತಿರ ಜೀವಂತ ಸಿಗಡಿ ಕೇಳಿ ತೆಗೆದುಕೊಳ್ಳಿ, ಬಕೆಟ್ಟಿನಲ್ಲಿ ಅದೇ ಹೊಳೆ ನೀರು ಹಾಕಿ ನೆರಳಲ್ಲಿಡಿ. ಚುಚ್ಚುವುದರಲ್ಲೇ ಎಲ್ಲಾ ಇದೆ. ಸಿಗಡಿಯ ತಲೆ ಮೇಲೆ ಗರಗಸದಂಥ ಕೊಂಬು ಇರುತ್ತದಲ್ಲ, ಅದರ ಬುಡದಲ್ಲಿ ಚಿಪ್ಪಿನ ಕೆಳಗೆ ಕಪ್ಪು ಚುಕ್ಕೆ ಕಾಣುತ್ತದೆ. ಗಾಳ ಆ ಚುಕ್ಕೆಗೆ ತಾಗದ ಹಾಗೆ ಕೊಂಬಿನ ಬುಡದ ಚಿಪ್ಪಿನಲ್ಲಿ ಅಡ್ಡಲಾಗಿ ದಾಟಬೇಕು. ಚುಕ್ಕೆಗೆ ತಾಗಿದರೆ ಸಿಗಡಿ ಅಲ್ಲೇ ಸತ್ತಿತು. ತಾಗದಿದ್ದರೆ ನೀರಲ್ಲಿ ಚಿಮ್ಮುತ್ತಾ ಇರುತ್ತದೆ, ಚೊಣಕಕ್ಕೆ ಬೇಕಾದದ್ದೂ ಅದೇ.

ಸಂಜೆ ಪೇಟೆ ಪಕ್ಕದ ಟಾಗೋರ್ ಕಡಲತೀರಕ್ಕೆ ಬನ್ನಿ. ಅಲೆ ಒಡೆಯುವ ಜಾಗದಲ್ಲಿ ಸಿಗಡಿ ತುಂಡು ಹಾಕಿದರೆ ನೊಗಲಿ ಸಿಗಬಹುದು. ನಿಮ್ಮಲ್ಲಿ ಮೀನು ತಿನ್ನುವವರು ಇದನ್ನೇ ಕಾಣೆ ಅನ್ನುತ್ತಾರೆ. ದಡದಲ್ಲಿ ಏಂಡಿ ಬಲೆ ಎಳೆಯುತ್ತಿದ್ದರೆ ಅಲ್ಲಿ ಗಾಳ ಎಸೆಯಬೇಡಿ, ಹೋಗಿ ಹಗ್ಗಕ್ಕೆ ಕೈ ಕೊಡಿ. ನಾಲ್ಕು ಮೀನು ಕೊಟ್ಟೇ ಕಳಿಸುತ್ತಾರೆ, ಬಹುಶಃ ನಿಮ್ಮ ರಾಡಿಗೆ ಸಿಗುವುದಕ್ಕಿಂತ ಜಾಸ್ತಿ!

ದೋಣಿ ವಿಷಯ. ದೋಣಿ ಮಾತ್ರ ಬಾಡಿಗೆಗೆ ಕೇಳಬೇಡಿ, ದೋಣಿ ಮತ್ತು ದೋಣಿಯವರು ಇಬ್ಬರೂ ಬೇಕು. ಹಿಂದಿನ ದಿನವೇ ಹೋಗಿ ಮಾತಾಡಿ, ಎಷ್ಟು ಹೊತ್ತು, ಡೀಸೆಲ್-ಪೆಟ್ರೋಲ್ ಯಾರದು ಅಂತ ಆಗಲೇ ಬಗೆಹರಿಸಿಕೊಳ್ಳಿ. ಫೆಬ್ರವರಿಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತಣ್ಣಗೆ ಗಾಳಿ, ಸಮುದ್ರ ತಟ್ಟೆಯ ಹಾಗೆ. ಮಧ್ಯಾಹ್ನ ವಾಯುವ್ಯದಿಂದ ಕಡಲ ಗಾಳಿ ಎದ್ದಿತು ಅಂದರೆ ಅದೇ ನೀರು ಕುದಿಯುತ್ತದೆ. ಅದರಲ್ಲೂ ಅಳಿವೆ ಬಾಯಲ್ಲಿ, ಇಳಿಯುವ ಹೊಳೆ ನೀರಿಗೆ ಎದುರು ಅಲೆ ಬಂದು ಬಡಿಯುವಾಗ, ಸಣ್ಣ ದೋಣಿಗೆ ಕಷ್ಟ. ನಸುಕಿಗೆ ಹೊರಟು 11ರೊಳಗೆ ಮರಳಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿದ್ದು ದಡ ಕಾಣುವಷ್ಟು ಹತ್ತಿರದಲ್ಲೇ. ದೋಣಿಯವರು ‘ಇವತ್ತು ಬೇಡ’ ಅಂದರೆ ಬೇಡ, ಆ ದಿನ ಕಾಳಿ ಹಿನ್ನೀರಲ್ಲೇ ಗಾಳ ಹಾಕಿ.

ಕಾರವಾರದಿಂದ ದಕ್ಷಿಣಕ್ಕೆ ಬಿಣಗಾ, ಅರಗಾ ಕಡೆ ನೌಕಾನೆಲೆ ಇದೆ. ಆ ಕಡೆ ದೋಣಿ ತಿರುಗಿಸುವ ಮಾತೇ ಬೇಡ, ದಡದಿಂದ ಫೋಟೊ ಸಹ ಬೇಡ. ಆಧಾರ್ ಕಾರ್ಡ್ ಜೇಬಲ್ಲಿರಲಿ. ಕೋಸ್ಟ್ ಗಾರ್ಡ್ ತುರ್ತು ಸಂಖ್ಯೆ 1554, ಮೂವರ ಫೋನಿನಲ್ಲೂ ಇರಲಿ.

ಹೊಳೆಗೆ ತಂದ ರೀಲನ್ನೇ ತರುತ್ತೀರಾದರೆ ಪ್ರತಿ ಸಂಜೆ ಸಿಹಿನೀರಲ್ಲಿ ತೊಳೆದು ಒರೆಸಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ತಿರುಗುವುದಿಲ್ಲ. ಮೂತಿ ಹಿಡಿಯುವ ಇಕ್ಕಳ ಒಂದು ತನ್ನಿ. ಮೀಸೆ ಮೀನು ಬಿದ್ದರೆ ಬೆನ್ನು ಮತ್ತು ಎರಡು ಪಕ್ಕದ ಮುಳ್ಳು ವಿಷದ್ದು, ಕೈಯಲ್ಲಿ ಹಿಡಿಯಬೇಡಿ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಅದ್ದಿಟ್ಟುಕೊಂಡರೆ ಉರಿ ಇಳಿಯುತ್ತದೆ, ಆಮೇಲೆ ಡಾಕ್ಟರ್ ಹತ್ತಿರ ಹೋಗಿ. ಚೆಂಡಿನ ಹಾಗೆ ಹೊಟ್ಟೆ ಉಬ್ಬಿಸುವ ಮೀನು ಬಂದರೆ ವಾಪಸ್ ಬಿಡಿ, ತಿಂದರೆ ಜೀವಕ್ಕೇ ಅಪಾಯ.

ಪ್ರಶ್ನೆ: ಜೂನ್-ಜುಲೈ ನಿಷೇಧ ಗಾಳಕ್ಕೂ ಇದೆಯಾ? ನಮಗೆ ರಜೆ ಆಗಲೇ ಸಿಗುವುದು.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧ ಯಾಂತ್ರಿಕ ದೋಣಿಗಳಿಗೆ. ನಾಡದೋಣಿಗೆ, 10 ಅಶ್ವಶಕ್ತಿವರೆಗಿನ ಇಂಜಿನ್ ಇದ್ದರೂ, ವಿನಾಯಿತಿ ಇದೆ. ಆದರೆ ಕಾನೂನು ಬಿಟ್ಟರೂ ಆ ಸಮುದ್ರ ಬಿಡುವುದಿಲ್ಲ. ಬಂಡೆ ಮೇಲೆ ಹತ್ತು ಅಲೆ ಸಣ್ಣದಾಗಿ ಬಂದು ಹನ್ನೊಂದನೆಯದು ಎಳೆದುಕೊಂಡು ಹೋಗುತ್ತದೆ. ಬಂದರೆ ಮೀನು ಊಟ ಮಾಡಿ, ದೂರದಿಂದ ಮಳೆ ನೋಡಿ. ರಾಡು ಮನೆಯಲ್ಲೇ ಇರಲಿ.